ಸುತ್ತಿಗೆ ಹಿಡಿದವನ ಸಬೂರು

ಉರ್ದುವಿನ ಬಾಗಿಲಿನಿಂದ ಕನ್ನಡದ ಮನೆಯೊಳಕ್ಕೆ ಬಂದು ಇಲ್ಲಿಯವೇ ಆಗಿಹೋದ ಎರಡು ಮಾತುಗಳನ್ನು ಬಳ್ಳಾರಿಯ ಯಾವ ಗ್ಯಾರೇಜಿನಲ್ಲೂ ಕೇಳಬಹುದು. ಒಂದು ಜಬರ್ದಸ್ತಿ, ಇನ್ನೊಂದು ಸಬೂರು. ಮೊದಲನೆಯದು ಪಾರಸಿ. ‘ಜಬರ್’ ಎಂದರೆ ಮೇಲೆ, ‘ದಸ್ತ್’ ಎಂದರೆ ಕೈ, ಒಟ್ಟಿನಲ್ಲಿ ಮೇಲುಗೈ. ಎರಡನೆಯದು ಅರಬ್ಬಿಯ ‘ಸಬ್ರ್’ನಿಂದ ಬಂದದ್ದು, ಅದರ ಮೂಲದಲ್ಲಿ ತಡೆದು ಹಿಡಿಯುವ ಅರ್ಥವಿದೆ. ಯಾರು ಯಾರನ್ನು ತಡೆದು ಹಿಡಿಯಬೇಕು ಎಂಬಲ್ಲಿಗೆ ಬಂದಾಗ ನಾವು ಜಾಣತನ ತೋರುತ್ತೇವೆ. ಸಬೂರು ಮಾಡು ಎಂದು ನಾವು ಹೇಳುವುದು ಸೊಸೆಗೆ, ಕೂಲಿ ಬಾಕಿ ಇರುವವನಿಗೆ, ಸಾಹೇಬರ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವನಿಗೆ. ಪೆಟ್ಟು ತಿನ್ನುವವರಿಗೆ ಈ ಉಪದೇಶ ಧಾರಾಳವಾಗಿ ಸಿಗುತ್ತದೆ. ಪೆಟ್ಟು ಕೊಡುವವನಿಗೆ ಹೇಳಿದ್ದನ್ನು ನಾವು ಕೇಳಿದ್ದು ಕಡಿಮೆ. ಕೇಳಿದ್ದೆಲ್ಲ ಹೆಚ್ಚಾಗಿ ಹಳೆಯ ಕಾರುಗಳ ಪಕ್ಕದಲ್ಲೇ.

ಕಂಟೋನ್ಮೆಂಟ್ ಎಂದರೆ ದಂಡು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಂದು ಬೀಡುಬಿಟ್ಟ ಪಲ್ಟನ್ನುಗಳು ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಬಡಾವಣೆಗೂ ರೈಲು ನಿಲ್ದಾಣಕ್ಕೂ ಅಂಟಿಕೊಂಡಿದೆ. ಇಲ್ಲಿ ರಜೆಯ ದಿನ ಬಿಸಿಲೇರುವ ಮುಂಚೆ ಯಾವುದಾದರೊಂದು ಬೇವಿನ ಮರದ ಕೆಳಗೆ ಕಾರು ಜಾಕಿಯ ಮೇಲೆ ನಿಂತಿರುತ್ತದೆ. ಅನೇಕ ಸಲ ಅದು ಮಾರುತಿ 800. ಆ ಕಾರು ರಸ್ತೆಗೆ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಆದರೆ ಮೂರನೆಯ ನಾಲ್ಕನೆಯ ಕೈಗೆ ಬಂದ ಗಾಡಿಗಳು ಇನ್ನೂ ಸಂಸಾರ ಹೊರುತ್ತಿವೆ. ಅವುಗಳ ಒಡೆಯರು ಗ್ಯಾರೇಜಿನ ಖರ್ಚು ಉಳಿಸಲು ತಾವೇ ಪಾನಾ ಹಿಡಿಯುತ್ತಾರೆ. ನಟ್ಟುಗಳು ಹೇಗೋ ಬಿಚ್ಚುತ್ತವೆ. ಕಷ್ಟ ಇರುವುದು ಪಿನ್ನುಗಳಲ್ಲಿ, ಜಾಯಿಂಟುಗಳಲ್ಲಿ.

ಇವು ಏಕೆ ಹಿಡಿದುಕೊಳ್ಳುತ್ತವೆ? ತುಕ್ಕಿಗೆ ನಮ್ಮ ಕಡೆ ಜಂಗು ಎನ್ನುವುದುಂಟು. ಸಂಡೂರಿನ ಗುಡ್ಡಗಳ ಅದಿರಿಗೂ ಈ ಜಂಗಿಗೂ ಹತ್ತಿರದ ಬಳಗ; ಎರಡೂ ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ಈ ಸೀಮೆಯವರು ಮರೆತಿಲ್ಲ. ಕುಲುಮೆಯಲ್ಲಿ ಅಷ್ಟೊಂದು ಬೆಂಕಿ ಕೊಟ್ಟು ಆಮ್ಲಜನಕದಿಂದ ಬೇರೆ ಮಾಡಿದ ಕಬ್ಬಿಣ ಸ್ವಲ್ಪ ತೇವ ಸಿಕ್ಕರೆ ಸಾಕು, ತವರಿಗೆ ಹೊರಡುತ್ತದೆ. ಬಳ್ಳಾರಿ ಒಣ ಊರೇನೋ ಸರಿ. ಆದರೆ ತುಂಗಭದ್ರೆಯ ಕಾಲುವೆ ನೀರಿರುವ ಸಿರುಗುಪ್ಪದ ಭತ್ತದ ಗದ್ದೆಗಳ ಕಡೆ ಓಡಾಡುವ ಗಾಡಿಯ ಹೊಟ್ಟೆಯ ಕೆಳಗೆ ಎರೆಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಪಿನ್ನಿಗೂ ತೂತಿಗೂ ನಡುವೆ ಇದ್ದ ಕೂದಲೆಳೆಯಷ್ಟು ಸಂದಿನಲ್ಲಿ ಅದು ಉಬ್ಬಿ, ಎರಡನ್ನೂ ಒತ್ತಿ ಹಿಡಿಯುತ್ತದೆ. ಇದು ಪಿನ್ನಿನ ಹಟವಲ್ಲ. ನೋಡದೆ ಬಿಟ್ಟ ವರ್ಷಗಳು ಅಲ್ಲಿ ಸೇರಿಕೊಂಡಿವೆ.

ಸಿಟ್ಟಿನಲ್ಲಿ ಸುತ್ತಿಗೆ ಎತ್ತಿ ಪಿನ್ನಿನ ತಲೆಗೆ ನೇರವಾಗಿ ಬಾರಿಸಿದರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಒಳಗಿನ ಹಿಡಿತ ಸಡಿಲುವ ಮುಂಚೆ ಹೊರಗಿನ ತುದಿ ಅಣಬೆಯ ಹಾಗೆ ಹರಡಿಕೊಳ್ಳುತ್ತದೆ. ಅಣಬೆಯಾದ ತುದಿ ಇನ್ನು ಆ ತೂತಿನಲ್ಲಿ ಹಾದುಹೋಗದು. ಮೊದಲು ಜಂಗು ಮಾತ್ರ ತಡೆದಿತ್ತು. ಈಗ ಪೆಟ್ಟೂ ತಡೆಯುತ್ತಿದೆ. ಮುಂದಿನ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ, ಏಕೆಂದರೆ ಹೊಡೆಯುವವನಿಗೆ ಎದುರು ಸಿಗುವುದು ತಾನೇ ಮಾಡಿದ ಬಿಗಿ, ಆದರೆ ಅವನು ಅದನ್ನು ಪಿನ್ನಿನ ಮೊಂಡುತನ ಎಂದೇ ತಿಳಿಯುತ್ತಾನೆ. ಓಣಿಯ ಜಗಳಗಳೂ ಹೀಗೇ ಬೆಳೆಯುವುದನ್ನು ನೋಡಿದ್ದೇವೆ.

ಬಲ್ಲವರು ಕೆಲಸವನ್ನು ಹಿಂದಿನ ರಾತ್ರಿಯೇ ಆರಂಭಿಸುತ್ತಾರೆ. ತಂತಿಯ ಬ್ರಷ್ಷಿನಿಂದ ಮಣ್ಣು ಕೆರೆದು, ತುಕ್ಕು ಬಿಡಿಸುವ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಹಾಕಿ ಬಿಡುತ್ತಾರೆ. ಬೆಳಿಗ್ಗೆ ಮತ್ತೆ ಎಣ್ಣೆ, ಸಣ್ಣ ಸಣ್ಣ ತಟ್ಟು. ತಟ್ಟಿದಾಗ ತುಕ್ಕು ಬಿರಿಯುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ತುದಿಗೆ ಪೆಟ್ಟು ಬೇಕೇ ಆದರೆ ನಡುವೆ ಹಿತ್ತಾಳೆಯ ಸರಳು ಇಟ್ಟು ಹೊಡೆಯುತ್ತಾರೆ. ಹಿತ್ತಾಳೆ ತಾನು ನಜ್ಜಿ ಪಿನ್ನನ್ನು ಉಳಿಸುತ್ತದೆ. ಸ್ವಲ್ಪ ಅಲುಗಿದ ಮೇಲೆ ಒಂದೇ ಕಡೆಗೆ ಎಳೆಯುವುದಿಲ್ಲ. ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ತಿರುಗಿಸಿ, ಬಂದಷ್ಟು ತೆಗೆದುಕೊಳ್ಳುತ್ತಾರೆ. ಇಷ್ಟೆಲ್ಲ ನಡೆಯುವಾಗ ಕಾರು ಬರೀ ಜಾಕಿಯ ಮೇಲೆ ಇರಕೂಡದು, ಇಟ್ಟಿಗೆಯ ಮೇಲಂತೂ ಬೇಡವೇ ಬೇಡ. ಗಟ್ಟಿ ಸ್ಟ್ಯಾಂಡ್ ಇಲ್ಲದೆ ಗಾಡಿಯ ಕೆಳಗೆ ತಲೆ ಹಾಕುವವನ ಸಬೂರಿಗೆ ಅರ್ಥವಿಲ್ಲ.

ಆದರೆ ಬಿಚ್ಚದೆ ಇರುವುದೆಲ್ಲ ತುಕ್ಕಿನಿಂದಲ್ಲ. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ತುದಿಯನ್ನು ನೋಡಿ. ಅಲ್ಲಿ ಕಿರೀಟದಂತೆ ಹಲ್ಲುಗಳಿರುವ ನಟ್ಟು, ಆ ಹಲ್ಲಿನ ಸಂದಿಯಲ್ಲಿ ತೂರಿಸಿ ಕಾಲು ಬಗ್ಗಿಸಿದ ಸಣ್ಣ ಸ್ಪ್ಲಿಟ್ ಪಿನ್ನು. ಮಣ್ಣು ಮುಚ್ಚಿದ್ದರೆ ಅದು ಕಾಣುವುದೇ ಇಲ್ಲ. ಅದನ್ನು ತೆಗೆಯದೆ ನಟ್ಟಿನ ಮೇಲೆ ಬಲ ಹಾಕುವವನು ಕೆಟ್ಟದ್ದರ ಜೊತೆ ಗುದ್ದಾಡುತ್ತಿಲ್ಲ, ತನ್ನ ಕೆಲಸ ನೆಟ್ಟಗೆ ಮಾಡುತ್ತಿರುವುದರ ಜೊತೆ ಗುದ್ದಾಡುತ್ತಿದ್ದಾನೆ. ಎದುರು ನಿಂತವರನ್ನೆಲ್ಲ ಹಳಸಿದವರು, ಜಂಗು ಹಿಡಿದವರು ಎಂದುಕೊಳ್ಳುವ ಸುಧಾರಕರು ನಮ್ಮಲ್ಲೂ ಇದ್ದಾರೆ. ಮಣ್ಣು ಒರೆಸಿ ನೋಡುವಷ್ಟು ಪುರಸೊತ್ತು ಅವರಿಗಿಲ್ಲ.

ಇನ್ನು ನಟ್ಟು ಸಡಿಲಿಸಿದ ಮೇಲೂ ಆ ಜಾಯಿಂಟು ಬರುವುದಿಲ್ಲ. ಕಾರಣ, ಒಂದು ತುದಿಗೆ ಸಣ್ಣದಾಗುತ್ತ ಹೋಗುವ ಕಂಬಿ ಅದೇ ಆಕಾರದ ತೂತಿನಲ್ಲಿ ಬೆಣೆಯಂತೆ ಕುಳಿತಿದೆ. ಇಲ್ಲಿನ ಉಪಾಯ ನಮಗೆ ಯಾವತ್ತೂ ಬೆರಗು ತರುತ್ತದೆ. ಕಂಬಿಯನ್ನು ಯಾರೂ ಹೊಡೆಯುವುದಿಲ್ಲ. ನಟ್ಟನ್ನು ಎರಡು ಮೂರು ಸುತ್ತಿನ ಹಿಡಿತದಲ್ಲಿ ಬಿಟ್ಟು, ಕಂಬಿಯನ್ನು ಹಿಡಿದಿರುವ ತೋಳಿನ ಕಣ್ಣಿದೆಯಲ್ಲ, ಅದರ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ ಇನ್ನೊಂದು ಪಕ್ಕಕ್ಕೆ ಚುರುಕಾಗಿ ಹೊಡೆಯುತ್ತಾರೆ. ಕಣ್ಣು ಕ್ಷಣಮಾತ್ರ ಆಕಾರ ಕದಲಿಸುತ್ತದೆ, ಕಂಬಿ ಟಪ್ಪೆಂದು ಬಿಡುತ್ತದೆ. ಕಾಯಿಸುವುದಾದರೂ ಹಾಗೆಯೇ: ಹಿಡಿದಿರುವುದನ್ನು ಕಾಯಿಸಬೇಕು, ಹಿಡಿಸಿಕೊಂಡದ್ದನ್ನಲ್ಲ, ಹೊರಗಿನದು ಹಿಗ್ಗಿದರೆ ಒಳಗಿನದಕ್ಕೆ ದಾರಿ. ಆದರೆ ಬ್ರೇಕಿನ ಪೈಪು, ಪೆಟ್ರೋಲು, ಆಗಷ್ಟೇ ಹಾಕಿದ ಸೀಮೆಎಣ್ಣೆ ಇರುವಲ್ಲಿ ಬೆಂಕಿ ತರುವುದು ಹುಚ್ಚುತನ. ಸ್ಟಿಯರಿಂಗಿನ ಭಾಗವೊಂದು ಕೆಂಪಗೆ ಕಾದಿತೆಂದರೆ ಅದರ ಹದ ಹೋಯಿತೆಂದೇ ಲೆಕ್ಕ, ಮತ್ತೆ ಜೋಡಿಸಬಾರದು.

ಕಬ್ಬಿಣಕ್ಕೆ ನೋವಿಲ್ಲ, ಹಾಗಿರುವಾಗ ಇದರಲ್ಲಿ ನೀತಿಯ ಮಾತೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುತ್ತಿಗೆಯ ಪೆಟ್ಟಿನಿಂದ ತೋಳಿನಲ್ಲಿ ಕೂದಲಿನಂಥ ಬಿರುಕು ಬಿಟ್ಟಿತು ಎನ್ನಿ. ಅದು ಇಂದು ಅಂಗಳದಲ್ಲಿ ಮುರಿಯುವುದಿಲ್ಲ. ಕುರುಗೋಡಿನ ರಸ್ತೆಯಲ್ಲಿ ಯಾವತ್ತೋ ಒಂದು ಸಂಜೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ ಒಳಗಿರುವಾಗ, ಎದುರಿಗೆ ಸೈಕಲ್ಲಿನವನೊಬ್ಬ ಬರುತ್ತಿರುವಾಗ ಮುರಿಯಬಹುದು. ಬಲ ಹಾಕುವವನು ಒಬ್ಬ, ಬೆಲೆ ತೆರುವವನು ಇನ್ನೊಬ್ಬ. ಮೇಲುಗೈಯವರ ವ್ಯವಹಾರಗಳೆಲ್ಲ ಬಹುಪಾಲು ಹೀಗೇ ಇರುತ್ತವೆ. ಪಿನ್ನು ಸಬೂರು ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ತಡೆದು ಹಿಡಿಯಬೇಕಾದ ಕೈ ಒಂದೇ, ಸುತ್ತಿಗೆ ಇರುವ ಕೈ.

ಇಷ್ಟು ಹೇಳಿ ಗ್ಯಾರೇಜಿನ ಉಸ್ತಾದರಿಗೆ ಪಾಠ ಮಾಡಲು ಹೋದರೆ ತಪ್ಪಾಗುತ್ತದೆ. ಅಂಗಳದಲ್ಲಿ ಕೂತವನಿಗೆ ಇಡೀ ದಿನವಿದೆ. ಉಸ್ತಾದರ ಬಾಗಿಲಲ್ಲಿ ಮೂರು ಗಾಡಿ ನಿಂತಿವೆ, ನಾಲ್ಕನೆಯವನು ಹಾರ್ನ್ ಬಾರಿಸುತ್ತಿದ್ದಾನೆ, ನಲವತ್ತು ಡಿಗ್ರಿ ಬಿಸಿಲು ತಗಡಿನ ಮೇಲೆ ಸುಡುತ್ತಿದೆ. ರಾತ್ರಿಯಿಡೀ ಎಣ್ಣೆ ನೆನೆಯಲಿ ಎಂದರೆ ಬಾಡಿಗೆ ಯಾರು ಕೊಡುತ್ತಾರೆ? ಸಬೂರಿಗೂ ಬಂಡವಾಳ ಬೇಕು. ‘ಈಗಲೇ ಬೇಕು ಭಾಯ್’ ಎಂದು ಅವಸರ ಹಚ್ಚಿದ ಗಿರಾಕಿಯ ಕೈಯೂ ಆ ಸುತ್ತಿಗೆಯ ಹಿಡಿಯ ಮೇಲಿದೆ.

ಎಲ್ಲ ಮಾಡಿಯೂ ಬಾರದವು ಇವೆ. ಎರಡು ದಿನ ನೆನೆಸಿ, ತಟ್ಟಿ, ಪುಲ್ಲರ್ ಹಾಕಿ ಎಳೆದರೂ ಕದಲದ ಪಿನ್ನನ್ನು ಕೊಯ್ಯಬೇಕು. ಅದರಲ್ಲಿ ನಾಚಿಕೆಯೇನಿಲ್ಲ. ಕೊಯ್ಯುವಾಗಲೂ ಕೊಯ್ಯುವುದು ಬದಲಾಯಿಸಬಹುದಾದ ಪಿನ್ನನ್ನು, ಉಳಿಯಬೇಕಾದ ತೋಳನ್ನಲ್ಲ. ಗರಗಸದ ಹಲ್ಲು ಎಲ್ಲಿ ನಿಲ್ಲಬೇಕೆಂದು ಮೊದಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ತೆಗೆದ ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವವರಿದ್ದಾರೆ. ಒಮ್ಮೆ ಬಗ್ಗಿದ ಕಾಲು ಮತ್ತೆ ಬಗ್ಗುವಾಗ ಮುರಿಯಲು ಸಿದ್ಧವಾಗಿರುತ್ತದೆ. ಹೊಸದಕ್ಕೆ ಒಂದು ಚಹಾದ ದುಡ್ಡೂ ಆಗದು. ಟೈ ರಾಡಿನ ಹಳೆಯ ತುದಿ ಎಷ್ಟು ಸುತ್ತಿಗೆ ಬಿಚ್ಚಿತೋ ಎಣಿಸಿಟ್ಟು ಹೊಸದನ್ನು ಅಷ್ಟೇ ಸುತ್ತು ಹಾಕಬೇಕು, ಹಾಕಿದ ಮೇಲೂ ಅಲೈನ್‌ಮೆಂಟ್ ಮಾಡಿಸಬೇಕು. ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ನಿಧಾನವಾಗಿ ಓಡಿಸಿಕೊಂಡು ಉಸ್ತಾದರ ಬಳಿಗೇ ಹೋಗಬೇಕು, ಸರದಿ ಬರುವವರೆಗೆ ಕೂರಬೇಕು.