ಪಾಳಿ ಬಂದ ದಿನ

ದೀಪಾವಳಿಯ ಊಟಕ್ಕೆ ಸ್ನೇಹಿತರ ಮನೆಯಲ್ಲಿ ಸೇರಿದ್ದೆವು. ಕ್ಯಾಲಿಫೋರ್ನಿಯಾದ ನಮ್ಮ ಬಡಾವಣೆಯಲ್ಲಿ ಹತ್ತಾರು ಕನ್ನಡದ ಮನೆಗಳಿವೆ. ಒಬ್ಬಟ್ಟು ಬಡಿಸುವ ಹೊತ್ತಿಗೆ ಮಾತಿಗೆ ಮಾತು ಬಂದು ಹೇಳಿದೆ: ಜ್ಯೂರಿ ಸಮನ್ಸ್ ಬಂದಿದೆ, ಡಿಸೆಂಬರ್ 16ಕ್ಕೆ ಕೋರ್ಟಿಗೆ ಹೋಗಬೇಕು, ಆದರೆ 14ಕ್ಕೇ ಬೆಂಗಳೂರಿಗೆ ಟಿಕೆಟ್ ಆಗಿದೆ. ಎಲ್ಲ ಕಡೆಯಿಂದಲೂ ಸಲಹೆಗಳು ಬಂದವು. “ಅದೇನು ರಿಜಿಸ್ಟರ್ಡ್ ಪೋಸ್ಟಲ್ಲ, ಬಂದೇ ಇಲ್ಲ ಅಂದ್ಬಿಡಿ.” “ಇಂಗ್ಲಿಷ್ ಸರಿಯಾಗಿ ಬರಲ್ಲ ಅನ್ನೋ ಕಡೆ ಟಿಕ್ ಹಾಕಿ ಕಳಿಸಿ.” “ಪೊಲೀಸರನ್ನ ಕಂಡ್ರೆ ಆಗಲ್ಲ ಅನ್ನಿ, ಅವರೇ ಮನೆಗೆ ಕಳಿಸ್ತಾರೆ.”

ಈ ಉಪಾಯಗಳು ನನಗೆ ಹೊಸವಲ್ಲ. ನನ್ನನ್ನು ಕೆಣಕಿದ್ದು ಆ ಮನೆಯ ಮಗನ ಮಾತು. ಕಾಲೇಜಿನಲ್ಲಿ ತತ್ವಶಾಸ್ತ್ರ ಓದುತ್ತಿರುವ ಹುಡುಗ. “ಆಂಟಿ, ನೀವು ಸುಳ್ಳು ಹೇಳೋದೂ ಬೇಡ. ನಿಮ್ಮನ್ನ ಕೇಳಿ ಆ ದಿನ ಗೊತ್ತು ಮಾಡಿದ್ರಾ? ಕೇಳದೇ ಹೊರಿಸಿದ್ದು ಸಾಲ ಹೇಗಾಗುತ್ತೆ?” ಅಂದ. ಉಳಿದವರು ತಪ್ಪಿಸಿಕೊಳ್ಳುವ ದಾರಿ ತೋರಿಸಿದ್ದರು. ಇವನು ತಪ್ಪಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇಲ್ಲ ಎಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪ ಹೊತ್ತವರು ತಪ್ಪಿತಸ್ಥರೋ ಅಲ್ಲವೋ ಎಂದು, ಅವರು ಒಪ್ಪದ ಹೊರತು, ನ್ಯಾಯಾಧೀಶರೊಬ್ಬರೇ ಹೇಳುವಂತಿಲ್ಲ. ಜ್ಯೂರಿಯ ಮುಂದೆ ವಿಚಾರಣೆ ನಡೆಯಬೇಕೆಂದು ಕೇಳುವ ಹಕ್ಕನ್ನು ಸಂವಿಧಾನದ 6ನೇ ತಿದ್ದುಪಡಿ ಕೊಟ್ಟಿದೆ. ಜ್ಯೂರಿಯಲ್ಲಿ ಕೂರುವ ಹನ್ನೆರಡು ಮಂದಿ ಸಾಮಾನ್ಯ ಪೌರರನ್ನು ಹುಡುಕಲು ಮತದಾರರ ಪಟ್ಟಿಯಿಂದ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಹೆಸರು ತೆಗೆದು ಅಂಚೆಯಲ್ಲಿ ಕರೆ ಕಳಿಸುತ್ತಾರೆ. ಕಾರಣವಿಲ್ಲದೆ ಹೋಗದಿದ್ದರೆ ದಂಡ ಬೀಳಬಹುದು.

ಹುಡುಗನಿಗೆ ಉತ್ತರ ಹುಡುಕಲು ಹೊರಟಾಗ ಮೊದಲು ಸಿಕ್ಕವು ಹಳೆಯ ಉತ್ತರಗಳು. ಈ ನೆಲದಲ್ಲಿ ಬಾಳುತ್ತಿದ್ದೀಯ, ಹಾಗಾಗಿ ಮೌನವಾಗಿ ಒಪ್ಪಿದ್ದೀಯ ಎನ್ನುವುದು ತತ್ವಜ್ಞಾನಿ ಜಾನ್ ಲಾಕ್ ಕಡೆಯವರ ಮಾತು. ಎಲ್ಲರೂ ತಪ್ಪಿಸಿಕೊಂಡರೆ ವ್ಯವಸ್ಥೆ ಕುಸಿಯುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಉಸಿರಾಡುವುದನ್ನೇ ಸಹಿ ಎಂದು ಎಣಿಸುತ್ತದೆ. ಎರಡನೆಯದು ನಾನೊಬ್ಬಳು ಹೋಗದಿದ್ದರೆ ಏನೂ ಕುಸಿಯುವುದಿಲ್ಲ ಎಂಬುದನ್ನು ಮರೆಯುತ್ತದೆ. ಇವೆರಡರಿಂದ ಆ ಹುಡುಗ ಅಲುಗುವುದಿಲ್ಲ, ನಾನೂ ಅಲುಗಲಿಲ್ಲ.

ಅವನ ಮಾತಿನ ಬೇರು ಇರುವುದು ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಬರೆದ ‘ಅನಾರ್ಕಿ, ಸ್ಟೇಟ್, ಅಂಡ್ ಯುಟೋಪಿಯಾ’ ಪುಸ್ತಕದಲ್ಲಿ. ಅಲ್ಲೊಂದು ಧ್ವನಿವರ್ಧಕದ ದೃಷ್ಟಾಂತವಿದೆ. ನಿಮ್ಮ ನೆರೆಯ 364 ಮಂದಿಯಲ್ಲಿ ಕೆಲವರು ಸೇರಿ ಬೀದಿಗೊಂದು ಮನರಂಜನೆಯ ಮೈಕು ಹಾಕುತ್ತಾರೆ. ದಿನಕ್ಕೊಬ್ಬರು ಹಾಡು ಹಾಕಬೇಕು, ಸುದ್ದಿ ಓದಬೇಕು, ಕಥೆ ಹೇಳಬೇಕು. ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಸೇರಿಸಿದ್ದಾರೆ. 138 ದಿನ ಒಬ್ಬೊಬ್ಬರೂ ತಮ್ಮ ಪಾಳಿ ಮುಗಿಸಿದ್ದಾರೆ, ನೀವು ಆಗಾಗ ಕಿಟಕಿ ತೆರೆದು ಕೇಳಿ ಖುಷಿಪಟ್ಟಿದ್ದೀರಿ. ಈಗ ನಿಮ್ಮ ದಿನ ಬಂದಿದೆ. ಹೋಗಲೇಬೇಕೇ? ಖಂಡಿತ ಬೇಕಿಲ್ಲ ಎನ್ನುತ್ತಾನೆ ನೋಜಿಕ್. ನಿಮ್ಮ ಮನೆಯೊಳಗೆ ಪುಸ್ತಕ ಎಸೆದು ಹಣ ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಒಳ್ಳೆಯ ಪುಸ್ತಕವೇ ಇರಬಹುದು, ನೀವು ಓದಿಯೂ ಇರಬಹುದು. ಆದರೂ ಅದು ಸಾಲವಲ್ಲ.

ಇದನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಇದು ತಪ್ಪು ಅನ್ನಿಸಿತು, ಪ್ರತಿ ಸಲವೂ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ.

ನನ್ನ ಮೊದಲ ಉತ್ತರ: ನಾನು ಕೇಳಿ ಪಡೆದಿದ್ದೇನೆ. ಪೌರತ್ವದ ಪರೀಕ್ಷೆಗೆ 100 ಪ್ರಶ್ನೆಗಳ ಪುಸ್ತಿಕೆ ಕೊಟ್ಟಿದ್ದರು. ಅದರಲ್ಲಿ 10ನ್ನು ಕೇಳುತ್ತಿದ್ದರು, 6ಕ್ಕೆ ಸರಿಯುತ್ತರ ಹೇಳಬೇಕಿತ್ತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿಕೊಂಡು ಒಗ್ಗರಣೆ ಹಾಕುತ್ತ ಬಾಯಿಪಾಠ ಮಾಡಿದವಳು ನಾನು. ಪೌರರಿಗೆ ಮಾತ್ರ ಇರುವ ಒಂದು ಹೊಣೆ ಯಾವುದು ಎಂಬ ಪ್ರಶ್ನೆ ಅದರಲ್ಲಿತ್ತು. ಜ್ಯೂರಿಯಲ್ಲಿ ಕೂರುವುದು ಎಂಬುದು ಒಂದು ಉತ್ತರ, ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು ಇನ್ನೊಂದು. ಯಾರೂ ನನ್ನ ಮನೆಯೊಳಗೆ ಪುಸ್ತಕ ಎಸೆಯಲಿಲ್ಲ. ನಾನೇ ಅಂಗಡಿಗೆ ಹೋಗಿ, ಬೆಲೆ ಓದಿ, ಕೊಂಡು ತಂದೆ.

ಆದರೆ ಈ ಉತ್ತರವನ್ನು ಕೈಬಿಡಬೇಕಾಯಿತು. ಆ ಹುಡುಗ ಇಲ್ಲೇ ಹುಟ್ಟಿದವನು, ಯಾವ ಪುಸ್ತಿಕೆಯನ್ನೂ ಓದಿದವನಲ್ಲ. ಒಪ್ಪಿಗೆಯೇ ಹೊಣೆಯ ಬುಡವಾದರೆ ವಲಸೆ ಬಂದ ನನ್ನ ಮೇಲೆ ಭಾರವಿದೆ, ಹುಟ್ಟಿನಿಂದ ಪೌರನಾದವನ ಮೇಲಿಲ್ಲ ಎಂದಾಗುತ್ತದೆ. ಬಂದವರು ಹೆಚ್ಚು ತೆರಬೇಕು, ಇದ್ದವರು ಕಡಿಮೆ ಎಂಬ ನ್ಯಾಯವನ್ನು ನಾನು ಒಪ್ಪಲಾರೆ.

ಎರಡನೆಯ ಉತ್ತರ ಇನ್ನೂ ನಿಂತಿದೆ ಅಂದುಕೊಂಡಿದ್ದೇನೆ. ನೋಜಿಕ್‌ನ ಬೀದಿಯಲ್ಲಿ ನಾನು ಗೈರಾದರೆ ಒಂದು ದಿನ ಹಾಡಿಲ್ಲ, ಅಷ್ಟೆ. ಕೋರ್ಟಿನಲ್ಲಿ ಇನ್ನೊಬ್ಬನಿದ್ದಾನೆ, ಆರೋಪಿ. ಅವನಿಗೆ ತಾರೀಖು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ನನ್ನಷ್ಟಿಲ್ಲ. ಜಾಮೀನು ಸಿಗದಿದ್ದರೆ ಅವನು ಕಾಯುವುದು ಜೈಲಿನಲ್ಲಿ. ಹನ್ನೆರಡು ಮಂದಿ ನಿನ್ನ ಮಾತು ಕೇಳುತ್ತಾರೆ ಎಂದು ಅವನಿಗೆ ಮಾತು ಕೊಡಲಾಗಿದೆ. ಹನ್ನೆರಡು ಮಂದಿ ಬರದಿದ್ದರೆ ಆ ಹಕ್ಕು ಬರೀ ಕಾಗದ. ನಾನು ತೀರಿಸಬೇಕಾದದ್ದು ನೆರೆಯವರ ಹಾಡಿನ ಋಣವನ್ನಲ್ಲ. ಒಬ್ಬ ಅಪರಿಚಿತನ ಹಕ್ಕು ನನ್ನ ಹಾಜರಿಯಿಂದಲೇ ಆಗಿದೆ. ನೋಜಿಕ್ ಬಯಸುವ ಕನಿಷ್ಠ ಸರ್ಕಾರದಲ್ಲೂ ಕೋರ್ಟು ಇದೆ. ಬಲಾತ್ಕಾರ, ಕಳವು, ಮೋಸದಿಂದ ಕಾಪಾಡುವುದೇ ಆ ಸರ್ಕಾರದ ಕೆಲಸ. ಅಲ್ಲಿ ಯಾರು ಕೂರುತ್ತಾರೆ?

ಸಂಬಳ ಕೊಟ್ಟು ಕೂರಿಸಿ ಎನ್ನಬಹುದು ನೋಜಿಕ್. ಇದು ಗಟ್ಟಿ ಮಾತು. ನನ್ನ ಬಳಿ ಇರುವ ಉತ್ತರ 1670ರ ಲಂಡನ್ನಿನದು. ಬೀದಿಯಲ್ಲಿ ಪ್ರವಚನ ಮಾಡಿದ ವಿಲಿಯಂ ಪೆನ್‌ನನ್ನು ತಪ್ಪಿತಸ್ಥ ಎನ್ನಲು ಜ್ಯೂರಿ ಒಪ್ಪಲಿಲ್ಲ. ಅವರನ್ನು ಅನ್ನ ನೀರಿಲ್ಲದೆ ಕೂಡಿಹಾಕಿದರು, ದಂಡ ಹಾಕಿದರು. ಆ ಜ್ಯೂರಿಯಲ್ಲಿದ್ದ ಎಡ್ವರ್ಡ್ ಬುಶೆಲ್ ದಂಡ ಕಟ್ಟದೆ ಜೈಲಿಗೆ ಹೋದ. ಕೊನೆಗೆ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಮೇಲಿನ ನ್ಯಾಯಾಲಯ ಅವನನ್ನು ಬಿಟ್ಟಿತು. ಮುಂದಿನ ತಿಂಗಳ ಸಂಬಳಕ್ಕೆ ಅದೇ ನ್ಯಾಯಾಧೀಶರ ಮುಖ ನೋಡಬೇಕಾದವನು ಹೀಗೆ ನಿಲ್ಲುವುದು ಕಷ್ಟ. ಕೆಲಸ ಮುಗಿಸಿ ಮನೆಗೆ ಹೋಗುವವನೇ ನಿಲ್ಲಬಲ್ಲ.

ಅಷ್ಟು ಹೇಳುವಾಗಲೇ ನನ್ನ ಹುಟ್ಟಿದ ದೇಶ ಅಡ್ಡ ಬರುತ್ತದೆ. ಭಾರತದಲ್ಲಿ ಜ್ಯೂರಿ ಇತ್ತು. 1959ರಲ್ಲಿ ನಾನಾವತಿ ಎಂಬವರ ಮೇಲಿನ ಕೊಲೆ ಮೊಕದ್ದಮೆಯಲ್ಲಿ ಮುಂಬೈ ಜ್ಯೂರಿ 8–1ರಲ್ಲಿ ನಿರ್ದೋಷಿ ಎಂದಿತು. ಹೈಕೋರ್ಟು ಅದನ್ನು ತಳ್ಳಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಹಾಗೆಂದು ನಮ್ಮೂರ ಕೋರ್ಟುಗಳಲ್ಲಿ ನ್ಯಾಯವೇ ಇಲ್ಲ ಎನ್ನಲಾರೆ. ಜ್ಯೂರಿ ಇಲ್ಲದೆಯೂ ನ್ಯಾಯ ಉಂಟು. ಹಾಗಾದರೆ ನನ್ನ ಹೊಣೆ ಜ್ಯೂರಿ ಎಂಬ ದೊಡ್ಡ ತತ್ವಕ್ಕಲ್ಲ. ಈ ನೆಲದಲ್ಲಿ ಕೊಟ್ಟ ಮಾತಿಗೆ ಮಾತ್ರ. ನಾನು ಅಂದುಕೊಂಡದ್ದಕ್ಕಿಂತ ಇದು ಚಿಕ್ಕ ಹೊಣೆ.

ಇನ್ನು ಬೆಂಗಳೂರಿಗೆ ಟಿಕೆಟ್ ಮಾಡಿದ್ದ ರಜೆ. ರಜೆ ಎಂದರೆ ಸಮುದ್ರದ ದಂಡೆ ಎಂದು ಆ ಹುಡುಗ ಅಂದುಕೊಂಡಿದ್ದಾನೆ. ನಮ್ಮಂಥವರ ರಜೆ ಬೇರೆ. ಕೋಲಾರದ ಕಡೆಯ ಹಳ್ಳಿಯಲ್ಲಿ ಎಂಬತ್ತು ದಾಟಿದ ಅಮ್ಮ ಇದ್ದಾಳೆ. ವರ್ಷಕ್ಕೆ ಮೂರು ವಾರ ಅವಳ ಪಕ್ಕ ಮಲಗಿ, ಕಾಲು ಒತ್ತಿ, ಔಷಧಿ ಚೀಟಿ ಓದಿ ಹೇಳುವುದೇ ನನ್ನ ರಜೆ. ಅಮ್ಮನನ್ನೂ ನಾನು ಕೇಳಿ ಪಡೆದದ್ದಲ್ಲ. ಕೇಳದೇ ಹೊತ್ತ ಋಣವೊಂದಿದೆ ಎಂದು ನನಗೆ ಮೊದಲು ತಿಳಿಸಿದವಳೇ ಅವಳು. ಎರಡು ಕರೆಗಳ ನಡುವೆ ನಿಂತಾಗ ಒಂದು ಕರ್ತವ್ಯ, ಇನ್ನೊಂದು ಮೋಜು ಎಂದು ತೂಗಿದರೆ ಅಮ್ಮನಿಗೆ ಮೋಸ ಮಾಡಿದಂತೆ.

ಪಾಳಿ ಎಂಬ ಮಾತು ನನಗೆ ಗೊತ್ತಾದದ್ದೂ ಆ ಊರಿನಲ್ಲೇ. ಕೆರೆಯ ತೂಬು ಎತ್ತಿದ ಮೇಲೆ ಗದ್ದೆಗಳಿಗೆ ನೀರು ಪಾಳಿಯ ಮೇಲೆ. ನಮ್ಮ ಪಾಳಿ ಒಮ್ಮೊಮ್ಮೆ ನಡುರಾತ್ರಿ ಬರುತ್ತಿತ್ತು. ಅಪ್ಪ ಗುದ್ದಲಿ ಹೊತ್ತು ಮುಂದೆ, ನಾನು ಲಾಟೀನು ಹಿಡಿದು ಹಿಂದೆ. ಕಾಲುವೆಯ ಬಾಯಿಗೆ ಒತ್ತಿದ್ದ ಹಸಿಮಣ್ಣನ್ನು ಎರಡೇಟಿಗೆ ಕಿತ್ತರೆ ನೀರು ತಡವರಿಸಿ, ಆಮೇಲೆ ಒಮ್ಮೆಗೇ ಗದ್ದೆಗೆ ತಿರುಗುತ್ತಿತ್ತು. ಚಿಕ್ಕಪ್ಪನ ಮದುವೆಯ ರಾತ್ರಿ ನಮ್ಮ ಪಾಳಿ ಬಂದಾಗ ಅಪ್ಪ ಪಕ್ಕದ ಗದ್ದೆಯವರಿಗೆ ಹೇಳಿ ಅದಲು ಬದಲು ಮಾಡಿಕೊಂಡ. ಅದನ್ನು ಯಾರೂ ತಪ್ಪು ಎನ್ನಲಿಲ್ಲ. ಪಾಳಿ ಬದಲಿಸಿಕೊಳ್ಳುವುದು ಬೇರೆ, ಪಾಳಿಯೇ ಇಲ್ಲ ಎನ್ನುವುದು ಬೇರೆ. ನೋಜಿಕ್ ಕೂಡ ತನ್ನ ದೃಷ್ಟಾಂತದಲ್ಲಿ ದಿನ ಬದಲಿಸಿಕೊಳ್ಳಬಹುದು ಎಂದು ಆವರಣದೊಳಗೆ ಸೇರಿಸಿದ್ದಾನೆ. ನಾನು ಅದನ್ನೇ ಮಾಡಿದೆ. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಜ್ಯೂರಿ ಫೆಬ್ರವರಿಗೆ ಹೋಯಿತು, ನಾನು ಊರಿಗೆ ಹೋದೆ.

ಇಲ್ಲೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಮೊದಲ ಸಮನ್ಸ್ ಬಂದಾಗ ಇಂಗ್ಲಿಷ್ ಸಾಲದು ಎಂದು ಟಿಕ್ ಹಾಕಿ ಸಹಿ ಮಾಡಿದ್ದೆ. ದಿನವೂ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡುತ್ತಿದ್ದವಳು. ಆ ದಿನ ನನ್ನ ಜಾಗಕ್ಕೆ ಇನ್ನಾರನ್ನೋ ಕರೆದಿರುತ್ತಾರೆ. ಆ ಇನ್ನಾರೋ ಯಾರು ಎಂದು ಆಗ ಕೇಳಿಕೊಂಡಿರಲಿಲ್ಲ.

ಊರಿನಲ್ಲಿ ಈಗ ನೀರಿನ ಪಾಳಿ ಇಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದು ಅಂತರ್ಜಲ ತುಂಬುವುದಕ್ಕೆ, ನೇರ ಗದ್ದೆಗಲ್ಲ. ಬೇಸಾಯ ಮಾಡುವವರು ತಮ್ಮ ತಮ್ಮ ಬೋರ್‌ವೆಲ್ ನಂಬಿದ್ದಾರೆ, ಸಾವಿರ ಅಡಿ ದಾಟಿದರೂ. ಯಾರಿಗೂ ಯಾರ ಹಂಗಿಲ್ಲ. ಇದು ನೋಜಿಕ್ ಕಂಡ ಲೋಕದ ಹಾಗೆಯೇ ಇದೆ, ಇದಕ್ಕೆ ಪಾಳಿಯ ದಿನಗಳೇ ಉತ್ತರ ಎಂದುಕೊಳ್ಳುತ್ತ ಏರಿಯ ಮೇಲೆ ನಡೆಯುತ್ತಿದ್ದೆ. ಎದುರಿಗೆ ನಮ್ಮೂರ ನೀರುಗಂಟಿಯ ಮೊಮ್ಮಗ ಸಿಕ್ಕ. ನರಸಾಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ. ನಾನು ಹಳೆಯ ಪಾಳಿಯ ಮಾತೆತ್ತಿದೆ. ಅವನು ಸಿಟ್ಟಿಲ್ಲದೆ ಹೇಳಿದ: “ನಮ್ ತಾತ ಎಲ್ಲರ ಗದ್ದೆಗೂ ನೀರು ಬಿಟ್ಟ, ಅವನಿಗೆ ಗದ್ದೆನೇ ಇರ್ಲಿಲ್ಲ. ಈ ಪಾಳಿಗೆ ಸಂಬಳ ಕೊಡ್ತಾರೆ ಅಕ್ಕಾ.”

ನನ್ನ ಬಳಿ ಮಾತಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ನಾನು ಕಂಡದ್ದು ಪಾಳಿ. ಅವನ ತಾತನಿಗೆ ಅದು ಬಿಟ್ಟಿ. ಸುಗ್ಗಿಯಲ್ಲಿ ಮೊರದಷ್ಟು ಭತ್ತ, ಏರಿ ಬಿರಿದ ರಾತ್ರಿ ಮಣ್ಣು ಹೊರುವ ಕೆಲಸ ಅವನ ಕೇರಿಗೇ. ಬಿಟ್ಟಿಗೂ ಪಾಳಿಗೂ ಇರುವ ಗೆರೆಯನ್ನು ಭಾರತದ ಸಂವಿಧಾನದ 23ನೇ ವಿಧಿ ಎಳೆದಿದೆ. ಬಿಟ್ಟಿ ಚಾಕರಿಯನ್ನು ಅದು ನಿಷೇಧಿಸುತ್ತದೆ. ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ಹೇರಬಹುದು, ಆದರೆ ಧರ್ಮ, ಜನಾಂಗ, ಜಾತಿ, ವರ್ಗದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ಪಟ್ಟಿ ಎಲ್ಲರದಾದಾಗ ಮಾತ್ರ ಅದು ಪಾಳಿ. ಅಮೆರಿಕದ ಪಟ್ಟಿಯೂ ಬಹುಕಾಲ ಎಲ್ಲರದಾಗಿರಲಿಲ್ಲ. ಬಿಳಿಯ ಗಂಡಸರು ಮಾತ್ರ ಜ್ಯೂರಿ ಎಂಬ ಒಂದು ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 1880ರಲ್ಲಿ. ಲೂಯಿಸಿಯಾನದಲ್ಲಿ ಹೆಂಗಸರು ತಾವೇ ಬರೆದುಕೊಟ್ಟರೆ ಮಾತ್ರ ಪಟ್ಟಿಗೆ ಸೇರಿಸುವ ಪದ್ಧತಿ ಬಿದ್ದದ್ದು 1975ರಲ್ಲಿ.

ಫೆಬ್ರವರಿಯಲ್ಲಿ ಕೋರ್ಟಿಗೆ ಹೋದೆ. ಎದೆಗೆ ಜ್ಯೂರರ್ ಬ್ಯಾಡ್ಜ್ ಸಿಕ್ಕಿಸಿಕೊಂಡು ಅರವತ್ತಕ್ಕೂ ಹೆಚ್ಚು ಮಂದಿ ಕೂತಿದ್ದೆವು. ಮೂರು ವಾರ ನಡೆಯಬಹುದಾದ ವಿಚಾರಣೆ. ಕಷ್ಟ ಇದ್ದವರು ಹೇಳಿ ಎಂದರು ನ್ಯಾಯಾಧೀಶರು. ಒಬ್ಬಾತ ಎದ್ದು ನಿಂತ, ಬೆರಳುಗಳ ಸಂದಿನಲ್ಲಿ ಒಣಗಿದ ಸಿಮೆಂಟು. ಟೈಲ್ಸ್ ಹಾಕುವ ಕೆಲಸ, ಹೋದ ದಿನ ದುಡ್ಡು, ಹೋಗದ ದಿನ ಇಲ್ಲ ಎಂದ. ಕ್ಯಾಲಿಫೋರ್ನಿಯಾ ಜ್ಯೂರಿಗೆ ಮೊದಲ ದಿನ ಏನೂ ಕೊಡುವುದಿಲ್ಲ, ಎರಡನೆಯ ದಿನದಿಂದ 15 ಡಾಲರ್. ಅವನನ್ನು ಕಳಿಸಿಕೊಟ್ಟರು, ಅದು ದಯೆಯೇ. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2022ರಲ್ಲಿ ಕಡಿಮೆ ಆದಾಯದ ಜ್ಯೂರರ್‌ಗಳಿಗೆ ದಿನಕ್ಕೆ 100 ಡಾಲರ್ ಕೊಡುವ ಪ್ರಯೋಗ ಶುರುವಾಯಿತು. ನಮ್ಮ ಕೋಣೆಗೆ ಅದು ಬಂದಿರಲಿಲ್ಲ. ಅವನ ಹಿಂದೆ ಇನ್ನೂ ಹತ್ತು ಹದಿನೈದು ಮಂದಿ ಹೋದರು. ಉಳಿದವರಲ್ಲಿ ಬಹುಮಂದಿ ನನ್ನಂಥವರೇ, ಕೂತರೂ ಸಂಬಳ ನಿಲ್ಲದವರು. ವಕೀಲರ ಪಕ್ಕ ಅಳತೆಗೆ ಸರಿಯಿಲ್ಲದ ಕೋಟು ತೊಟ್ಟ ಯುವಕನೊಬ್ಬ ಕೂತಿದ್ದ. ಟೈಲ್ಸ್ ಕೆಲಸದವನು ಬಾಗಿಲು ದಾಟುವವರೆಗೂ ಆ ಯುವಕ ಅವನನ್ನೇ ನೋಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಯ ವಕೀಲರು ಕಾರಣ ಹೇಳದೆ ನನ್ನನ್ನೂ ಕೈಬಿಟ್ಟರು. ಹುಡುಗನಿಗೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಉತ್ತರ ಹಾಗೇ ಉಳಿದಿದೆ. ಹೋಗಬೇಕು ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಟೈಲ್ಸ್ ಹಾಕುವವನಿಗೂ ಅದನ್ನೇ ಹೇಳಬಲ್ಲೆನೇ ಎಂದರೆ, ಇಲ್ಲ. ಅವನಿಗೆ ನಾವು ಪಾಳಿ ಕೊಟ್ಟಿಲ್ಲ, ಬಿಟ್ಟಿ ಕೊಟ್ಟಿದ್ದೇವೆ. ದಿನ ಬದಲಿಸಿಕೊಂಡದ್ದು ಸರಿ ಎಂದು ಅಪ್ಪನ ಸಾಕ್ಷಿ ಹಿಡಿದು ವಾದಿಸಿದ್ದೆ. ಆದರೆ ಅಪ್ಪನಿಗೆ ತನ್ನ ಪಾಳಿಗೆ ಯಾರು ಬರುತ್ತಾರೆ ಎಂದು ಗೊತ್ತಿತ್ತು, ಹೆಸರು ಹಿಡಿದು ಕರೆದು ಹೇಳಿದ್ದ. ಊರಿಗೆ ಹೋಗುವವರೆಲ್ಲ ಡಿಸೆಂಬರ್ ತಪ್ಪಿಸಿ ಫೆಬ್ರವರಿ ಹಿಡಿದರೆ, ಡಿಸೆಂಬರ್ 16ರಂದು ಆ ಕೋಣೆಯಲ್ಲಿ ಕೂತವರು ಯಾರು? ರಜೆಯೇ ಇಲ್ಲದವರೋ? ಅಂದು ಅವರ ಎದುರಿಗೆ ನಿಂತಿದ್ದವನು ಯಾರೋ, ಅವನ ತಾರೀಖನ್ನು ಮಾತ್ರ ಯಾರೂ ಬದಲಿಸಿರಲಿಲ್ಲ.