ಕೊಡುವುದಕ್ಕೂ ಒಂದು ಮಿತಿ

ಕೊಡುವ ಕೈ ಲೆಕ್ಕ ಇಡಬಾರದು ಎಂಬ ಮಾತು ಕೇಳುತ್ತಲೇ ನಾವು ಹೆಣ್ಣುಮಕ್ಕಳು ಬೆಳೆಯುತ್ತೇವೆ. ಬಡಿಸುವಾಗ 'ಸಾಕು' ಎಂದವರ ಎಲೆಗೂ ಇನ್ನೊಂದು ಸೌಟು ಹಾಕಿದರೇ ನಮಗೆ ಸಮಾಧಾನ. ಆದರೆ ಮಿತಿಯಿಲ್ಲದೆ ಕೊಡುವುದೇ ಒಳ್ಳೆಯತನವೆ? ಮಿತಿ ಇಟ್ಟುಕೊಂಡು ಕೊಡುವವರೆಲ್ಲ ಜಿಪುಣರೆ? ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದ್ದ ಈ ಪ್ರಶ್ನೆಗೆ ದಾರಿ ತೋರಿಸಿದ್ದು ಒಂದು ತಗಡಿನ ಪೆಟ್ಟಿಗೆ ಎಂದರೆ ನೀವು ನಗಬಹುದು.

ನಮ್ಮಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ಒಂದು ಪವರ್ ಸಪ್ಲೈ ಬೇಕಾಗಿತ್ತು. ಗೋಡೆಯ ಪ್ಲಗ್ಗಿನ 230 ವೋಲ್ಟ್ ವಿದ್ಯುತ್ತನ್ನು ಇಳಿಸಿ, ಹದಮಾಡಿ, ಕೇಳಿದಷ್ಟೇ ಕೊಡುವ ಪೆಟ್ಟಿಗೆ ಅದು. ಮೊಬೈಲಿನ ಬ್ಯಾಟರಿ ತೆಗೆದು, ಅದರ ಜಾಗದಲ್ಲಿ ಇದರ ತಂತಿ ಸೇರಿಸಿ, ಸುಮಾರು 4 ವೋಲ್ಟ್ ಕೊಡುತ್ತಾರೆ. ಫೋನನ್ನು ಆನ್ ಮಾಡುವ ಮೊದಲೇ ಮೀಟರಿನ ಅಂಕಿ ಏರಿದರೆ ಒಳಗೆಲ್ಲೋ ಶಾರ್ಟ್ ಆಗಿರಬೇಕು ಎಂದರ್ಥ.

ಅದನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟಾಗ ನಾನೂ ಜೊತೆಗಿದ್ದೆ. ಅಂಗಡಿಯವರು ಮೊದಲು ಮುಂದಿಟ್ಟದ್ದು ಕಡಿಮೆ ಬೆಲೆಯದು, ಅದರ ಮೇಲೆ ಬರೆದ ಆಂಪಿಯರ್ ಮಾತ್ರ ಹೆಚ್ಚು. ಇವಳು ಚೀಲದಿಂದ ಮಲ್ಟಿಮೀಟರ್ ತೆಗೆದಳು. ಪೆಟ್ಟಿಗೆಯನ್ನು 5 ವೋಲ್ಟಿಗೆ ಇಟ್ಟು, ಒಂದು ದಪ್ಪ ರೆಸಿಸ್ಟರ್ ಜೋಡಿಸಿದಳು. ವೋಲ್ಟ್ ಕುಸಿಯಿತು.

"ನೋಡು ಚಿಕ್ಕಮ್ಮ, ಸುಮ್ಮನೆ ಕೂತಿದ್ದಾಗ ಐದು, ಕೆಲಸ ಹೇಳಿದರೆ ನಾಲ್ಕೂವರೆ."

ಇನ್ನು ಕೆಲವು ಪೆಟ್ಟಿಗೆಗಳು ಆನ್ ಮಾಡಿದ ಗಳಿಗೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಚಿಮ್ಮಿಸಿಬಿಡುತ್ತವೆ. ಸೂಕ್ಷ್ಮವಾದ ಚಿಪ್ಪು ಸುಡಲು ಅಷ್ಟು ಸಾಕು. ಹಗುರವಾದ ಎಸ್‌ಎಂಪಿಎಸ್ ಬಗೆಯಲ್ಲೂ ಒಳ್ಳೆಯವು ಇವೆ. ಆದರೆ ಅವಳು ಆರಿಸಿದ್ದು ದೊಡ್ಡ ಟ್ರಾನ್ಸ್‌ಫಾರ್ಮರಿನ, ಎರಡು ಕೈಯಲ್ಲಿ ಎತ್ತಬೇಕಾದ ಲೀನಿಯರ್ ಪೆಟ್ಟಿಗೆ: 30 ವೋಲ್ಟ್, 3 ಆಂಪಿಯರ್. ಬಿಸಿಯಾಗುತ್ತದೆ, ಆದರೆ ಕೊಡುವುದರಲ್ಲಿ ಏರಿಳಿತ ಬಹಳ ಕಡಿಮೆ. ಬೆಲೆ ಮೊದಲಿನದರ ಎರಡರಷ್ಟು.

"ಗಿರಾಕಿಯ ಫೋನು ನನ್ನದಲ್ಲವಲ್ಲ. ಅದರಲ್ಲಿ ಅವರ ಮಗುವಿನ ಫೋಟೋ ಇರುತ್ತೆ" ಎಂದಳು.

ನನ್ನ ಮನಸ್ಸನ್ನು ಹಿಡಿದದ್ದು ಅದರ ಎರಡನೆಯ ನಾಬ್. ಒಂದು ವೋಲ್ಟಿಗೆ, ಇನ್ನೊಂದು ಕರೆಂಟಿಗೆ. ಫೋನು ಜೋಡಿಸುವ ಮೊದಲೇ ಎರಡೂ ತಂತಿಗಳ ತುದಿ ತಾಗಿಸಿ, 'ಇದರ ಮೇಲೆ ಬೇಡ' ಎಂದು ಮಿತಿ ಇಡುತ್ತಾಳೆ. ಶಾರ್ಟ್ ಆದ ಫೋನು ಕೊಟ್ಟಷ್ಟನ್ನೂ ಎಳೆಯುತ್ತದೆ, ಎಳೆದಷ್ಟೂ ತಾನೇ ಸುಡುತ್ತದೆ. ಆದರೆ ಮಿತಿ ಮುಟ್ಟಿದಾಗ ಈ ಪೆಟ್ಟಿಗೆ ಮುನಿಸಿಕೊಂಡು ಬಾಗಿಲು ಹಾಕುವುದಿಲ್ಲ. ವೋಲ್ಟ್ ತಗ್ಗಿಸಿಕೊಂಡು, ಆ ಮಿತಿಯಷ್ಟನ್ನು ಕೊಡುತ್ತಲೇ ಇರುತ್ತದೆ. ಆ ಮಿತಿ ಕಾಯುವುದು ಪೆಟ್ಟಿಗೆಯನ್ನಷ್ಟೇ ಅಲ್ಲ, ಫೋನನ್ನೂ.

ಇದೇ ದಿನಗಳಲ್ಲಿ ನನ್ನ ತಮ್ಮ ಮೂರನೆಯ ಸಲ ಸಾಲಕ್ಕೆ ಜಾಮೀನು ಕೇಳಿಕೊಂಡು ಬಂದ. ಮೊದಲಿನ ಎರಡು ಸಾಲ ಇನ್ನೂ ತೀರಿಲ್ಲ. ಒಡಹುಟ್ಟಿದವನಿಗೆ ಇಲ್ಲ ಎನ್ನುವುದು ಹೇಗೆ? ಸಹಿ ಹಾಕುವುದಿಲ್ಲ ಎಂದೆ. ನಿನ್ನ ಇಬ್ಬರು ಮಕ್ಕಳ ಶಾಲೆಯ ಫೀಸು ಪ್ರತಿ ವರ್ಷ ನಾನೇ ಕಟ್ಟುತ್ತೇನೆ ಎಂದೂ ಹೇಳಿದೆ. ಅವನು ಕಾಫಿ ಮುಟ್ಟದೆ ಎದ್ದು ಹೋದ.

ಮನುಷ್ಯರೇನು ಯಂತ್ರವೆ ಎಂದು ನೀವು ಕೇಳಬಹುದು. ಜ್ವರದ ಮಗುವಿನ ಪಕ್ಕ ರಾತ್ರಿಯೆಲ್ಲ ಕೂತ ತಾಯಿ ಮಿತಿ ನೋಡುತ್ತಾಳೆಯೆ? ಇಲ್ಲ, ನೋಡಲೂಬಾರದು. ನಾಬ್ ಇರುವುದೇ ತಿರುಗಿಸುವುದಕ್ಕೆ. ನಿಜವಾದ ಅಗತ್ಯ ಕಂಡಾಗ ಏರಿಸಲೇಬೇಕು. ಆದರೆ ಅದು ಕೊಡುವವರ ಕೈಯಲ್ಲಿರಬೇಕು, ಎಳೆಯುವವರ ಕೈಯಲ್ಲಲ್ಲ. ಐದು ಎಂದು ಬರೆದುಕೊಂಡು ಹೊತ್ತಿಗೆ ನಾಲ್ಕೂವರೆ ಕೊಡುವವರಿಗಿಂತ, ನನ್ನಿಂದಾಗುವುದು ಮೂರೇ ಎಂದು ಮೊದಲೇ ಹೇಳಿ ಆ ಮೂರನ್ನೂ ಪೂರ್ತಿ ಕೊಡುವವರು ಮೇಲಲ್ಲವೆ? ಮಿತಿ ಹೇಳಿದ ಮೇಲೆ ಅದರೊಳಗಿನದಕ್ಕೆ ಕುಂದು ಬರಬಾರದು. ಜಿಪುಣತನಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ಅಲ್ಲೇ.

ಜೂನ್ ತಿಂಗಳಲ್ಲಿ ಫೀಸು ಕಟ್ಟಬೇಕು. ತಮ್ಮ ಮಾತಾಡಿಸಲಿ, ಬಿಡಲಿ, ಶಾಲೆಗೆ ಹೋಗಿ ಕಟ್ಟಿ ಬರುತ್ತೇನೆ.