ಎಣಿಸಿದ್ದೆಲ್ಲ ಎಸಗಿದಂತೆಯೇ?

ಬಲಗೈ ಎತ್ತಿದಂತೆ ಮನಸ್ಸಿನಲ್ಲೇ ಕಲ್ಪಿಸಿಕೊಂಡರೆ ಅದನ್ನು ಕೆಲಸವೆನ್ನಬಹುದೇ? ಇಷ್ಟು ಕಾಲ ಉತ್ತರ ಸುಲಭವಿತ್ತು. ಕೈ ಎದ್ದರೆ ಕೆಲಸ, ಏಳದಿದ್ದರೆ ಬರಿಯ ಎಣಿಕೆ. ಮಿದುಳಿನ ಸಂಕೇತದಿಂದ ಯಂತ್ರ ನಡೆಸುವ ವಿದ್ಯೆ ಬಂದ ಮೇಲೆ ಈ ಗಡಿ ನಿಲ್ಲುವುದಿಲ್ಲ. ಕೈ ಇದ್ದಲ್ಲೇ ಇರುತ್ತದೆ, ಗಾಲಿಕುರ್ಚಿ ತಿರುಗುತ್ತದೆ.

ನಾವು ಸುಮ್ಮನಿದ್ದಾಗ ಚಲನೆಯನ್ನು ಆಳುವ ಮಿದುಳಿನ ಭಾಗದಲ್ಲಿ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಏರಿಳಿಯುವ ಒಂದು ಲಯವಿರುತ್ತದೆ. ಅದಕ್ಕೆ ಮ್ಯೂ ಲಯವೆಂದು ಹೆಸರು. ಕೈ ಆಡಿಸಿದರೆ ಅದು ತಗ್ಗುತ್ತದೆ. ಆಡಿಸಿದಂತೆ ಕಲ್ಪಿಸಿಕೊಂಡರೂ ತಗ್ಗುತ್ತದೆ. ಬಲಗೈಯ ಕಲ್ಪನೆಗೆ ಮುಖ್ಯವಾಗಿ ಎಡಬದಿ, ಎಡಗೈಯ ಕಲ್ಪನೆಗೆ ಬಲಬದಿ. ತಲೆಯ ಮೇಲಿಟ್ಟ ಎಲೆಕ್ಟ್ರೋಡುಗಳು ಈ ವ್ಯತ್ಯಾಸವನ್ನು ಹಿಡಿಯುತ್ತವೆ. ಈ ಲಯವನ್ನು ಹತೋಟಿಗೆ ತಂದುಕೊಂಡು ಪರದೆಯ ಮೇಲಿನ ಕರ್ಸರನ್ನು ಸರಿಸಲು ಜನ ಕಲಿಯಬಲ್ಲರೆಂದು ಅಮೆರಿಕದ ಜೊನಾಥನ್ ವೋಲ್ಪಾ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಈ ಕಲಿಕೆ ಸಲೀಸಲ್ಲ. ಪಟ್ಟು ಹಿಡಿದು ಅಭ್ಯಾಸ ಮಾಡಬೇಕು. ಕೆಲವರಿಗೆ ಅಷ್ಟು ಮಾಡಿದರೂ ಒಲಿಯದು. ಇಷ್ಟು ದುಡಿದು ಕರ್ಸರ್ ಸರಿಸಿದವನ ಶ್ರಮವನ್ನು ಕೆಲಸವಲ್ಲವೆನ್ನಲು ನನಗೆ ಕಾರಣ ಕಾಣುವುದಿಲ್ಲ.

2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಗುತ್ತದೆ. ಅಪಘಾತದ ನಂತರ ಅರಿವಿಲ್ಲದವಳೆಂದೇ ತೀರ್ಮಾನವಾಗಿದ್ದ 23 ವರ್ಷದ ಯುವತಿಗೆ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಸ್ಕ್ಯಾನಿನಲ್ಲಿ ಅವಳ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. ಬೆರಳೂ ಆಡಿಸಲಾಗದ ಆಕೆಗೆ ಆ ಕಲ್ಪನೆಯೊಂದೇ ನಡೆ, ಅದೊಂದೇ ನುಡಿ.

ಹಾಗಾದರೆ ಮನಸ್ಸಿನಲ್ಲಿ ಮೂಡಿದ್ದೆಲ್ಲ ಕೆಲಸವೇ? ಖಂಡಿತ ಅಲ್ಲ. ಇದಕ್ಕೆ ಆಧಾರ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿದೆ. ಆರೋಪಿಗೆ ಘಟನೆಯ ವಿವರ ಕೇಳಿಸಿ, ಅವನ ಮಿದುಳಿನ ವಿದ್ಯುತ್ ಚಟುವಟಿಕೆಯಿಂದ ನೆನಪನ್ನು ಪತ್ತೆಹಚ್ಚುವ ಪರೀಕ್ಷೆಯೊಂದನ್ನು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್ ರೂಪಿಸಿದ್ದರು. ಇಂಥ ಮಿದುಳು ಪರೀಕ್ಷೆ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತದಿಂದ ನಡೆಸಕೂಡದೆಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಮನಸ್ಸಿಗೂ ಕಾವಲಾಯಿತು. ಆ ಯುವತಿಯ ಮಿದುಳೂ ಸ್ಪಂದಿಸಿತ್ತು, ಆರೋಪಿಯ ಮಿದುಳೂ ಸ್ಪಂದಿಸುತ್ತದೆ. ಒಬ್ಬಳದು ತಾನಾಗಿ ಕೊಟ್ಟದ್ದು, ಇನ್ನೊಬ್ಬನದು ಕಿತ್ತುಕೊಂಡದ್ದು. ಕೊಡದೇ ಇದ್ದದ್ದನ್ನು ಮನುಷ್ಯನ ಕೃತ್ಯವೆನ್ನಲಾಗದು.

ಒಪ್ಪಿಗೆಯೊಂದೇ ಸಾಲದು, ಹಿಂತೆಗೆದುಕೊಳ್ಳುವ ಅವಕಾಶವೂ ಬೇಕು. ನಮ್ಮ ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟಿದೆ. ಗೇಟು ಎತ್ತಬೇಕೆಂಬ ಯೋಚನೆಗೂ ಗೇಟು ಏಳುವುದಕ್ಕೂ ನಡುವೆ ನೀರಿನ ಮಟ್ಟ ನೋಡಬೇಕು, ಕೆಳಗಿನ ಊರುಗಳಿಗೆ ಎಚ್ಚರಿಕೆ ಮುಟ್ಟಿಸಬೇಕು. ಹೊರಬಿದ್ದ ನೀರನ್ನು ಯಾರೂ ಮರಳಿ ಕರೆಯಲಾರರು; 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳವರೆಗೆ ನುಗ್ಗಿದ ಮಲಪ್ರಭೆ ಅದನ್ನು ಕಲಿಸಿದ್ದಾಳೆ. ದೇಹವೂ ಮನಸ್ಸಿಗೆ ಇಂಥದೇ ಬಿಡುವು ಕೊಟ್ಟಿದೆ. ಸಿಟ್ಟಿನಲ್ಲಿ ಎತ್ತಿದ ಕೈ ಅರ್ಧದಲ್ಲೇ ತಡೆದುಕೊಳ್ಳುತ್ತದೆ. ಆ ಅರ್ಧ ದಾರಿಯಲ್ಲೇ ನಮ್ಮ ವಿವೇಕದ ಬಹುಪಾಲು ಕೆಲಸ ನಡೆಯುವುದು. ಮಿದುಳಿನಿಂದ ನೇರ ಯಂತ್ರಕ್ಕೆ ಹಾಯುವ ಸಂಕೇತಕ್ಕೆ ಆ ದಾರಿಯೇ ಇಲ್ಲ. ಆದ್ದರಿಂದ ಆ ಬಿಡುವನ್ನು ಯಂತ್ರದಲ್ಲೇ ಇರಿಸಬೇಕು.

ಪಾರ್ಶ್ವವಾಯು ಪೀಡಿತನಿಗೆ ಒಂದೊಂದು ಕ್ಷಣವೂ ದುಬಾರಿ, ಅವನ ಹಾದಿಗೆ ಇನ್ನೊಂದು ತಡೆ ಏಕೆ ಎಂದು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಕೈಕಾಲು ಚಲಿಸದ ವ್ಯಕ್ತಿಯೊಬ್ಬರು ಮಿದುಳಿನಲ್ಲಿ ಕೂರಿಸಿದ ಎಲೆಕ್ಟ್ರೋಡುಗಳ ನೆರವಿನಿಂದ, ಕೈಯಲ್ಲಿ ಬರೆಯುವ ಯತ್ನ ಮಾಡುತ್ತಲೇ ನಿಮಿಷಕ್ಕೆ 90 ಅಕ್ಷರ ಮೂಡಿಸಿದ್ದು 2021ರಲ್ಲಿ ವರದಿಯಾಯಿತು. ಅಂಥ ವೇಗವನ್ನು ಕುಂದಿಸಲು ಯಾರಿಗೆ ಮನಸ್ಸಾದೀತು? ಆದರೆ ಬರೆದ ಅಕ್ಷರವನ್ನು ಅಳಿಸಬಹುದು. ಇಳಿಜಾರಿನಲ್ಲಿ ಮುನ್ನುಗ್ಗಿದ ಕುರ್ಚಿಯನ್ನು ಅಳಿಸಲಾಗದು. ತಿದ್ದಲಾಗದ ಕೆಲಸ ಎಷ್ಟು ದೊಡ್ಡದೋ ಬಿಡುವೂ ಅಷ್ಟಿರಲಿ. ಅದು ರೋಗಿಯ ಮೇಲಿನ ಅಪನಂಬಿಕೆಯಲ್ಲ, ದೇಹ ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಅವನಿಗೆ ಮರಳಿಸುವುದು.

ಇದು ನಾಳೆಗೆ ತಳ್ಳುವ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮನಸ್ಸಿನಲ್ಲೇ ಆಡಿಕೊಂಡ ಪದಗಳನ್ನು ಇಇಜಿಯಿಂದ, ಅಂದರೆ ತಲೆಯ ಮೇಲಿಟ್ಟ ಎಲೆಕ್ಟ್ರೋಡುಗಳು ಹಿಡಿದ ಮಿದುಳಿನ ಸಂಕೇತದಿಂದ, ಗುರುತಿಸುವ ಸಂಶೋಧನೆ ಮಾಡಿದೆ. ಮಾತು ಕಳೆದುಕೊಂಡವರಿಗೆ ಇದರಿಂದ ಮಾತು ಸಿಗಲಿ. ಅದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. ಯಂತ್ರ ಕಟ್ಟುವವರೂ ನ್ಯಾಯ ಹೇಳುವವರೂ ಒಂದು ನಿಯಮಕ್ಕೆ ಬದ್ಧರಾಗಬೇಕು: ತಾನೇ ಕೊಟ್ಟು, ಹಿಂತೆಗೆದುಕೊಳ್ಳಬಹುದಾಗಿದ್ದರೂ ಹಿಂತೆಗೆದುಕೊಳ್ಳದೆ ಉಳಿಸಿದ ಕಲ್ಪನೆಯಷ್ಟೇ ಮನುಷ್ಯನ ಕೃತ್ಯ. ಉಳಿದುದಕ್ಕೆ ಅವನು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.